ಒಂದೇ ನೆಕ್ಸ್ಟ್‌ಕ್ಲೌಡ್, ಮೂರು ಸಲ ಇನ್‌ಸ್ಟಾಲ್

ಹಳೆಯ ಲ್ಯಾಪ್‌ಟಾಪ್ ಒಂದು ಮೂಲೆ ಹಿಡಿದು ಕೂತಿತ್ತು. ಫೋಟೋ, ಫೈಲುಗಳನ್ನೆಲ್ಲ ಅದರಲ್ಲೇ ಇಟ್ಟುಕೊಂಡು ಫೋನಿನಿಂದ ನೋಡುವಂತಾದರೆ ಚೆನ್ನಾಗಿರುತ್ತೆ ಅನ್ನಿಸಿತು. ಅದಕ್ಕೆ ನೆಕ್ಸ್ಟ್‌ಕ್ಲೌಡ್ ಆರಿಸಿಕೊಂಡೆ. 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದು ಬಂದ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದು. ಹಾಕುವ ದಾರಿ ಒಂದಲ್ಲ, ಹಲವು. ಅದರಲ್ಲಿ ಮೂರನ್ನು ಮೂರು ವಾರಾಂತ್ಯ ಕೂತು ಅದೇ ಲ್ಯಾಪ್‌ಟಾಪ್ ಮೇಲೆ ಹಾಕಿ ನೋಡಿದೆ: ಜಿಪ್ ಇಳಿಸಿಕೊಂಡು ಎಲ್ಲವನ್ನೂ ಕೈಯಾರೆ ಜೋಡಿಸುವುದು, ಬೇಕಾದ್ದೆಲ್ಲ ಒಂದೇ ಕಟ್ಟಿನಲ್ಲಿ ಬರುವ ಸ್ನ್ಯಾಪ್ ಪ್ಯಾಕೇಜ್, ಮತ್ತು ಡಾಕರ್ (ಸಾಫ್ಟ್‌ವೇರನ್ನು ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ವ್ಯವಸ್ಥೆ) ಬಳಸುವ ಆಲ್-ಇನ್-ಒನ್.

ಕೈಯಾರೆ ಹಾಕಲು ಹೊರಟರೆ ಶುರುವಿಗೆ ಮೊದಲೇ ಪ್ರಶ್ನೆಗಳು. ಡೇಟಾಬೇಸ್ ಮರಿಯಾಡಿಬಿಯೋ ಪೋಸ್ಟ್‌ಗ್ರೆಸ್ಸೋ? ವೆಬ್ ಸರ್ವರ್ ಅಪಾಚೆಯೋ ಎಂಜಿನ್ಎಕ್ಸೋ? ನನಗೆ ಎಂಜಿನ್ಎಕ್ಸ್ ರೂಢಿ. ಆದರೆ ಅಧಿಕೃತ ಕೈಪಿಡಿಯ ಹೆದ್ದಾರಿ ಅಪಾಚೆ. ಎಂಜಿನ್ಎಕ್ಸ್‌ಗೆ ಬೇರೆ ಪುಟದಲ್ಲಿ ಒಂದು ಮಾದರಿ ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಇದೆ, ಅದನ್ನು ನೋಡಿಕೊಳ್ಳುವವರು ಸಮುದಾಯದವರು. ಅದನ್ನೇ ಎತ್ತಿ ಅಂಟಿಸಿದೆ, ಡೊಮೇನ್ ಹೆಸರು ಬದಲಿಸಿದೆ, ಬ್ರೌಸರ್ ತೆರೆದೆ. 502. ಅಂದರೆ ವೆಬ್ ಸರ್ವರಿಗೆ ಅದರ ಹಿಂದಿರುವ ಪ್ರೋಗ್ರಾಮಿನಿಂದ ಸರಿಯಾದ ಉತ್ತರ ಸಿಗಲಿಲ್ಲ.

ಎರಡು ಗಂಟೆ ಹೋಯಿತು. ಪರ್ಮಿಶನ್ ನೋಡಿದೆ, ಫೈರ್‌ವಾಲ್ ನೋಡಿದೆ, ಸುಮ್ನೆ ಎರಡು ಸಲ ರೀಸ್ಟಾರ್ಟ್ ಕೂಡ ಮಾಡಿದೆ. ಕೊನೆಗೆ ಲಾಗ್ ಓದಿದರೆ ತಪ್ಪು ನನ್ನದೇ. ನೆಕ್ಸ್ಟ್‌ಕ್ಲೌಡನ್ನು ಓಡಿಸುವುದು ಪಿಎಚ್‌ಪಿ. ವೆಬ್ ಸರ್ವರ್ ಅದರ ಜೊತೆ ಮಾತಾಡುವ ಸಾಕೆಟ್ ಫೈಲಿನ ಹೆಸರಲ್ಲೇ ಆವೃತ್ತಿಯ ನಂಬರ್ ಇರುತ್ತದೆ. ಮಾದರಿಯಲ್ಲಿ 8.2 ಅಂತಿತ್ತು. ನನ್ನದು ಉಬುಂಟು 24.04 ಲಿನಕ್ಸ್, ಅದರಲ್ಲಿ ಬರುವುದು 8.3. ಒಂದು ಅಂಕಿ!

ಹಾಗಂತ ಕೈಪಿಡಿ ಬರೆದವರನ್ನು ಬೈಯೋಣವೇ? ಇನ್ನೊಂದು ಲಿನಕ್ಸ್ ಆದ ಡೆಬಿಯನ್ 12ರಲ್ಲಿ ಆ 8.2 ಸರಿಯಾಗಿಯೇ ಇದೆ. ಫೆಡೋರಾದಲ್ಲಿ ಆ ಫೈಲಿನ ಹೆಸರೇ ಬೇರೆ, ಜಾಗವೂ ಬೇರೆ, ನಂಬರ್ ಇಲ್ಲವೇ ಇಲ್ಲ. ಡೇಟಾಬೇಸ್ ಎರಡು, ವೆಬ್ ಸರ್ವರ್ ಎರಡು, ಪಿಎಚ್‌ಪಿ ಮೂರು ಆವೃತ್ತಿ, ಲಿನಕ್ಸ್ ಮೂರು ಬಗೆ ಅಂತಷ್ಟೇ ಇಟ್ಟುಕೊಂಡರೂ 36 ಜೋಡಣೆ ಆಯಿತು. 36 ಕೈಪಿಡಿ ಯಾರು ಬರೆಯುತ್ತಾರೆ? ಬರೆದರೂ ಆರು ತಿಂಗಳಿಗೊಮ್ಮೆ ಕೂತು ಪರೀಕ್ಷಿಸುವವರು ಯಾರು? ಅದಕ್ಕೇ ಒಂದನ್ನು ಪೂರ್ತಿ ಬರೆದು, ಉಳಿದದ್ದಕ್ಕೆ ‘ನಿಮ್ಮ ವ್ಯವಸ್ಥೆಗೆ ತಕ್ಕಂತೆ ಬದಲಿಸಿಕೊಳ್ಳಿ’ ಅಂತ ಬಿಟ್ಟಿರುತ್ತಾರೆ. ಆ ಒಂದು ವಾಕ್ಯದಲ್ಲೇ ನನ್ನ ಎರಡು ಗಂಟೆ ಅಡಗಿತ್ತು.

ಪುಟ ತೆರೆದುಕೊಂಡ ಮೇಲೂ ಅಡ್ಮಿನ್ ಪರದೆಯಲ್ಲಿ ಎಚ್ಚರಿಕೆಗಳ ಸಾಲು: ಮೆಮೊರಿ ಕ್ಯಾಶ್ ಇಲ್ಲ, ಪಿಎಚ್‌ಪಿಗೆ 512 ಎಂಬಿ ಕೊಡಿ, ಹೀಗೆ. ಹಿನ್ನೆಲೆ ಕೆಲಸಕ್ಕೆ 5 ನಿಮಿಷಕ್ಕೊಮ್ಮೆ ತಾನೇ ಓಡುವ ಕ್ರಾನ್ ಎಂಬ ವೇಳಾಪಟ್ಟಿ ಬೇರೆ ಹಾಕಬೇಕು. ಯಾವುದೂ ಕಷ್ಟವಲ್ಲ, ಆದರೆ ಭಾನುವಾರ ಮುಗಿದುಹೋಗುತ್ತದೆ.

ಸ್ನ್ಯಾಪ್ ಇದಕ್ಕೆ ತದ್ವಿರುದ್ಧ. ಒಂದೇ ಕಮಾಂಡ್. ಅಪಾಚೆ, ಮೈಎಸ್‌ಕ್ಯೂಎಲ್, ಪಿಎಚ್‌ಪಿ, ರೆಡಿಸ್ ಎಲ್ಲ ಒಳಗೇ ಕಟ್ಟಿಟ್ಟಿದ್ದಾರೆ. ಚಹಾ ಆರುವ ಮೊದಲೇ ಲಾಗಿನ್ ಪುಟ ಬಂತು. ಖುಷಿ ಆಯಿತು. ಆಮೇಲೆ ಫೋಟೋ ಇದ್ದ ಹೊರಗಿನ ಡಿಸ್ಕ್ ತೋರಿಸಲು ಹೋದೆ, ಅದಕ್ಕೆ ಡಿಸ್ಕೇ ಕಾಣಿಸಲಿಲ್ಲ. ಸ್ನ್ಯಾಪ್ ಬೇಲಿಯೊಳಗೆ ಬದುಕುವ ಪ್ರಾಣಿ. ಡಿಸ್ಕನ್ನು ಮೀಡಿಯಾ ಅಥವಾ ಎಂಎನ್‌ಟಿ ಫೋಲ್ಡರಿನ ಕೆಳಗೆ ಮೌಂಟ್ ಮಾಡಬೇಕು (ಅಂದರೆ ಅಲ್ಲಿ ಕಾಣುವಂತೆ ಜೋಡಿಸಬೇಕು), ಮೇಲಿಂದ ‘ರಿಮೂವಬಲ್ ಮೀಡಿಯಾ’ ಅನುಮತಿಯನ್ನು ಕೈಯಾರೆ ಕೊಡಬೇಕು. ನಾನು ಬೇರೆಲ್ಲೋ ಮೌಂಟ್ ಮಾಡಿದ್ದೆ. ಪಿಎಚ್‌ಪಿ ಮೆಮೊರಿ ಬದಲಿಸಲೂ ಎಂದಿನ ಸೆಟ್ಟಿಂಗ್ ಫೈಲ್ ಮುಟ್ಟುವ ಹಾಗಿಲ್ಲ, ಸ್ನ್ಯಾಪ್‌ನದೇ ಕಮಾಂಡ್ ಬೇಕು.

ಡಾಕರ್ ಆಲ್-ಇನ್-ಒನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೋಸ್ಟ್‌ಗ್ರೆಸ್ ಅಂತ ಅದೇ ತೀರ್ಮಾನ ಮಾಡಿಬಿಟ್ಟಿದೆ, ಬೋರ್ಗ್ ಎಂಬ ಬ್ಯಾಕಪ್ ಸಾಧನ ಜೊತೆಗೇ ಬರುತ್ತದೆ. ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಮೊದಲ ಪರದೆಗಳಲ್ಲೇ ಡೊಮೇನ್ ಹೆಸರು ಕೇಳುತ್ತದೆ. ಮನೆಯೊಳಗಷ್ಟೇ ಬಳಸುವವನಿಗೆ ಅದು ಸುತ್ತುಬಳಸಿನ ದಾರಿ. ಕಂಟೇನರ್‌ಗಳ ಹಿಂಡು ಹೊತ್ತು ನನ್ನ ಮುದಿ ಲ್ಯಾಪ್‌ಟಾಪ್ ಏದುಸಿರು ಬಿಟ್ಟಿತು.

ಮೂರರ ನಡುವಿನ ವ್ಯತ್ಯಾಸ ನನಗೆ ಸರಿಯಾಗಿ ಅರ್ಥವಾಗಿದ್ದು ಒಂದು ಸಣ್ಣ ಕೆಲಸದಲ್ಲಿ. ಫೈಲುಗಳನ್ನು ನೇರವಾಗಿ ಡೇಟಾ ಫೋಲ್ಡರಿಗೆ ಸುರಿದರೆ ಅವು ಪರದೆಯಲ್ಲಿ ಕಾಣುವುದಿಲ್ಲ. ‘ಒಸಿಸಿ’ ಎಂಬ ಕಮಾಂಡಿನಿಂದ ಸ್ಕ್ಯಾನ್ ಮಾಡಿಸಬೇಕು. ಕೈಯಾರೆ ಹಾಕಿದ್ದರೆ ಸುಡೋ (ಬೇರೆ ಬಳಕೆದಾರನಾಗಿ ಕಮಾಂಡ್ ಓಡಿಸುವ ಪದ) ಹೇಳಿ, ವೆಬ್ ಸರ್ವರಿನ ಬಳಕೆದಾರನ ವೇಷ ಹಾಕಿ, ಪಿಎಚ್‌ಪಿ ಮೂಲಕ ಒಸಿಸಿಯನ್ನು ಕರೆಯಬೇಕು. ಸ್ನ್ಯಾಪ್‌ನಲ್ಲಿ ಸುಡೋ ಹೇಳಿ ‘ನೆಕ್ಸ್ಟ್‌ಕ್ಲೌಡ್ ಚುಕ್ಕಿ ಒಸಿಸಿ’, ಅಷ್ಟೇ. ಡಾಕರ್‌ನಲ್ಲಿ ‘ಡಾಕರ್ ಎಕ್ಸೆಕ್’ ಅಂತ ಶುರುಮಾಡಿ, ಅದೇ ಬಳಕೆದಾರನ ಹೆಸರು, ಕಂಟೇನರ್ ಹೆಸರು ಹೇಳಿ ಒಳಗೆ ಹೋಗಬೇಕು. ಕೆಲಸ ಒಂದೇ, ಬರೆಯುವ ರೀತಿ ಮೂರು. ಕೈಪಿಡಿಯ ಪುಟದಲ್ಲಿ ಮುಖ್ಯವಾಗಿ ಸಿಗುವುದು ಮೊದಲನೆಯದು. ಸ್ನ್ಯಾಪ್ ಹಾಕಿಕೊಂಡವನು ಅದನ್ನೇ ಟೈಪಿಸಿ ‘ಇದು ಕೆಲಸ ಮಾಡಲ್ಲ’ ಅಂತಾನೆ. ಅವನೂ ಸುಳ್ಳು ಹೇಳುತ್ತಿಲ್ಲ, ಪುಟವೂ ಸುಳ್ಳು ಹೇಳುತ್ತಿಲ್ಲ ಅಲ್ವಾ?

ಹೊಸಬರು ಯಾರಾದರೂ ಕೇಳಿದರೆ ಕಣ್ಣುಮುಚ್ಚಿ ಸ್ನ್ಯಾಪ್ ಅನ್ನುತ್ತೇನೆ, ಡಿಸ್ಕ್ ಮೌಂಟ್ ಮಾಡುವ ಜಾಗ ಮಾತ್ರ ಮೊದಲೇ ನೋಡಿಕೊಳ್ಳಲಿ. ಸ್ವಂತ ಡೊಮೇನ್, ಗಟ್ಟಿ ಮೆಷಿನ್ ಇದ್ದವರಿಗೆ ಆಲ್-ಇನ್-ಒನ್. ನನ್ನ ಲ್ಯಾಪ್‌ಟಾಪಿನಲ್ಲಿ ಉಳಿದಿರುವುದು ಮಾತ್ರ ಆ ಕೈಯಾರೆ ಕಟ್ಟಿದ್ದು. ಎಂಜಿನ್ಎಕ್ಸ್ ಹೇಗೂ ಬೇರೆ ಕೆಲಸಕ್ಕೆ ಓಡುತ್ತಿದೆ. ಪಕ್ಕದಲ್ಲಿ ಒಂದು ಟಿಪ್ಪಣಿ ಫೈಲ್ ಇಟ್ಟಿದ್ದೇನೆ. ಇನ್ಯಾರ ಮೆಷಿನ್‌ಗೂ ಅದು ಉಪಯೋಗಕ್ಕೆ ಬರುವುದಿಲ್ಲ. ಮೊದಲ ಸಾಲು: ‘ಉಬುಂಟು ಅಪ್‌ಗ್ರೇಡ್ ಮಾಡಿದೆಯಾ? ಹಾಗಾದರೆ ಸಾಕೆಟ್ ಹೆಸರು ನೋಡು.’