ಗಾಂಧೀಜಿಯೋ, ಅಂಬೇಡ್ಕರರೋ: ಹತ್ತು ನಿಮಿಷದ ಭಾಷಣಕ್ಕೆ ಯಾರು?

ಬೆಳಗಾವಿಯಲ್ಲಿ ಬಿ.ಎ. ಓದುವ ನನ್ನ ತಂಗಿಯ ಮಗಳಿಗೆ ವಿಚಾರ ಸಂಕಿರಣದಲ್ಲಿ ಹತ್ತು ನಿಮಿಷ ಸಿಕ್ಕಿದೆ. ಯಾರ ರಾಜಕೀಯ ಚಿಂತನೆ ಹಿಡಿಯಲಿ ಎಂದು ಕೇಳಿದಳು.

ಗಾಂಧೀಜಿಯಾದರೆ ಸಾಮಗ್ರಿ ಮನೆಬಾಗಿಲಲ್ಲೇ ಇದೆ. ಅವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲೇ, 1924ರ ಡಿಸೆಂಬರಿನಲ್ಲಿ. ಆಗ ನೀರಿಗಾಗಿ ತೋಡಿದ ಬಾವಿ ಟಿಳಕವಾಡಿಯಲ್ಲಿದೆ. ಸದಸ್ಯರಾಗಲು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮವನ್ನು ಆ ಅಧಿವೇಶನ ಒಪ್ಪಿತು. ದುಡ್ಡಲ್ಲ, ನೂಲು! (ನೂಲಲು ಬಾರದವರು ಬೇರೆಯವರಿಂದ ನೂಲಿಸಿ ಕೊಡಬಹುದಿತ್ತು, ನಮ್ಮ ಜನ ದಾರಿ ಹುಡುಕದೆ ಬಿಡುತ್ತಾರೆಯೇ?) ಸ್ವರಾಜ್ಯ ಕೈಕೆಲಸದಿಂದ, ಹಳ್ಳಿಯಿಂದ ಮೇಲೇರಬೇಕೆಂಬ ಅವರ ನಂಬಿಕೆಯೆಲ್ಲ ಆ ನೂಲಿನಲ್ಲಿದೆ.

ಅಂಬೇಡ್ಕರರಿಗೆ ಆ ಹಳ್ಳಿಯ ಮೇಲೆಯೇ ಭರವಸೆಯಿರಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಅಜ್ಞಾನದ, ಸಂಕುಚಿತ ಬುದ್ಧಿಯ ಗುಹೆಯೆಂದು ಜರೆದರು; ಕರಡು ಸಂವಿಧಾನ ವ್ಯಕ್ತಿಯನ್ನೇ ಘಟಕವಾಗಿಸಿದ್ದಕ್ಕೆ ಸಂತೋಷಪಟ್ಟರು. 1927ರಲ್ಲಿ ಮಹಾಡದಲ್ಲಿ (ಈಗಿನ ಮಹಾರಾಷ್ಟ್ರದ ಊರು) ಅಸ್ಪೃಶ್ಯರೆನಿಸಿದವರಿಗೆ ಬಿಡದ ಕೆರೆಯ ನೀರು ಮುಟ್ಟಲು ಸತ್ಯಾಗ್ರಹ ಮಾಡಬೇಕಾಗಿ ಬಂದವರ ಮಾತು ಅದು. ಊರ ಬಾವಿಗೆ ಯಾರು ಕೊಡ ಇಳಿಸಬಹುದು, ಯಾರು ದೂರ ನಿಲ್ಲಬೇಕು ಎಂಬುದನ್ನು ಕಂಡವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೂ ಅದೇ 1948ರ ನವೆಂಬರಿನಲ್ಲಿ, ಗ್ರಾಮ ಪಂಚಾಯಿತಿಗಳನ್ನು ಸಂಘಟಿಸಬೇಕೆಂಬ ತಿದ್ದುಪಡಿಯನ್ನು ಅವರೇ ಒಪ್ಪಿಕೊಂಡರು. ಅದೇ ಇಂದಿನ 40ನೇ ವಿಧಿ.

ಗಾಂಧೀಜಿಯನ್ನು ಹೇಳುವುದು ಸುಲಭ, ಆದರೆ ಸಭಿಕರು ಅಕ್ಟೋಬರ್ 2ರಂದು ವರ್ಷವರ್ಷವೂ ಕೇಳಿದ್ದಾರೆ. ನನ್ನ ಮತ ಅಂಬೇಡ್ಕರರಿಗೆ. ನವೆಂಬರ್ 4ರ ಭಾಷಣವನ್ನು ಪೂರ್ತಿ ಓದು ಎಂದೆ. ನೂಲಿನ ಕಥೆ ಪ್ರಶ್ನೋತ್ತರದ ಹೊತ್ತಿಗೆ ಇರಲಿ.