ಕಾರಿನ ಮೇಲಿನ ಅರ್ಧ ಮೀಟರ್ ಕಡ್ಡಿ: ನಾಲ್ಕು ಮಳೆಗಾಲ ಬಳಸಿದ ಮೇಲೆ

ಸ್ಕ್ಯಾನರಿಗೆಂದು, ಅಂದರೆ ಹಲವು ತರಂಗಗಳನ್ನು ಹುಡುಕಿ ಕೇಳಿಸುವ ರೇಡಿಯೋ ಸೆಟ್ಟಿಗೆಂದು, ಕಾರಿನ ಆಂಟೆನಾ ಕೊಳ್ಳುವವರು ಕಡ್ಡಿಯನ್ನು ಆಮೇಲೆ ನೋಡಿ, ಮೊದಲು ತಳ ಮತ್ತು ಕೇಬಲ್ ನೋಡಿ. ಇದನ್ನು ಕಲಿಯುವಷ್ಟರಲ್ಲಿ ನನ್ನ ಕೈಯಿಂದ ಎರಡು ಆಂಟೆನಾಗಳ ದುಡ್ಡು ಹೋಗಿತ್ತು.

ಊರು ಧಾರವಾಡ, ಇರುವುದು ಪುಣೆಯ ಕೋಥ್ರೂಡ್‌ನಲ್ಲಿ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಪರವಾನಗಿ ಇದೆ. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಕಾರಿನ ಗೇರ್ ಪಕ್ಕದಲ್ಲೇ ಇರುತ್ತದೆ. ಕೇಳುವುದು ಹೆಚ್ಚಾಗಿ 144ರಿಂದ 146 ಮೆಗಾಹರ್ಟ್ಸ್, ಆಗೀಗ 435ರ ಆಸುಪಾಸು. ಲೋಹಗಾಂವ್ ವಾಯುನೆಲೆಯ ಮಾತು, ಪೊಲೀಸರ ಮಾತು ಕೇಳಲು ಯಾವ ಆಂಟೆನಾ ಒಳ್ಳೆಯದು ಎಂದು ಹುಡುಕಿಕೊಂಡು ಬಂದಿದ್ದರೆ ನನ್ನ ಹತ್ತಿರ ಉತ್ತರವಿಲ್ಲ. ಅದು ನಮಗೆ ಅಂತ ಆಡಿದ ಮಾತಲ್ಲ.

ಮೊದಲು ತಂದದ್ದು ಡಬ್ಬಿಯ ಮೇಲೆ ‘25ರಿಂದ 1300’ ಮೆಗಾಹರ್ಟ್ಸ್ ಎಂದು ಬರೆದಿದ್ದ, ನಡುವೆ ಸುರುಳಿ ಇದ್ದ ಆಂಟೆನಾ. ನೋಡಲು ಚಂದ. ಆದರೆ ಅದರ ಕೇಬಲ್ ಮೊಬೈಲ್ ಚಾರ್ಜರಿನ ವೈರಿನಷ್ಟೇ ತೆಳು, ಆರ್‌ಜಿ-174. ಅಂಥ ಕೇಬಲ್ 5 ಮೀಟರ್ ಇದ್ದರೆ 435 ಮೆಗಾಹರ್ಟ್ಸ್‌ನಲ್ಲಿ ಬಂದ ಶಕ್ತಿಯ ಅರ್ಧದಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಅದೇ ಉದ್ದದ, ಅದಕ್ಕಿಂತ ದಪ್ಪನೆಯ ಆರ್‌ಜಿ-58 ಹಾಕಿದರೆ ಮೂರರಲ್ಲಿ ಒಂದು ಪಾಲು ಮಾತ್ರ. ಇನ್ನೊಂದು ಕಾಟ ಬೇರೆ: ಊರೊಳಗೆ ಕೆಲವು ಕಡೆ ಹ್ಯಾಮ್ ಬ್ಯಾಂಡಿನ ನಡುವೆಯೇ ಸಿನಿಮಾ ಹಾಡು ಕೇಳಿಸುತ್ತಿತ್ತು. ಎಲ್ಲ ಅಲೆಗಳನ್ನೂ ಬಾಚಿ ತರುವ ಆಂಟೆನಾ ಎಫ್‌ಎಂ ಕೇಂದ್ರಗಳ ಬಲವಾದ ಅಲೆಯನ್ನೂ ಹೊತ್ತು ತರುತ್ತದೆ. ಪುಟ್ಟ ಸೆಟ್ಟಿನ ಮುಂಬಾಗಿಲು ಅದನ್ನು ತಡೆಯಲಾರದೆ ಎಲ್ಲವನ್ನೂ ಕಲಸಿಬಿಡುತ್ತದೆ. 88ರಿಂದ 108 ಮೆಗಾಹರ್ಟ್ಸ್ ತಡೆಯುವ ಒಂದು ಫಿಲ್ಟರ್ ನಡುವೆ ಹಾಕಿದ ಮೇಲೆ ಹಾಡು ನಿಂತಿತು.

ಎರಡನೆಯದು ಬರೀ ಉಕ್ಕಿನ ಕಡ್ಡಿ, ಕಾಲು ಅಲೆಯ ಉದ್ದ. ಲೆಕ್ಕ ಸುಲಭ: 7500ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಸೆಂಟಿಮೀಟರ್ ಬರುತ್ತದೆ. 145ಕ್ಕೆ ಸುಮಾರು 52. ಅದೇ ಕಡ್ಡಿ 435ರಲ್ಲಿ ಮುಕ್ಕಾಲು ಅಲೆಯಾಗಿ ಕೆಲಸ ಮಾಡುತ್ತದೆ, ಹಾಗಾಗಿ ನನ್ನ ಎರಡು ಬ್ಯಾಂಡಿಗೂ ಒಂದೇ ಸಾಕು. ಹೆಚ್ಚು ಗೇನ್, ಅಂದರೆ ಒಂದು ಕಡೆಗೆ ಹೆಚ್ಚು ಬಲ, ಬೇಕೆಂದರೆ ಐದು-ಎಂಟಾಂಶ ಅಲೆಯದು ಸಿಗುತ್ತದೆ, ಆದರೆ ಅದು 145ಕ್ಕೆ ಸುಮಾರು 1.3 ಮೀಟರ್ ಎತ್ತರ. ನಮ್ಮ ಸೊಸೈಟಿಯ ನೆಲಮಾಳಿಗೆಯ ತೊಲೆಗೆ ದಿನಾ ಎರಡು ಸಲ ಬಡಿಯುತ್ತಿತ್ತು. ಅಲ್ಲದೆ ಅದು ತನ್ನ ಬಲವನ್ನೆಲ್ಲ ದಿಗಂತದ ಕಡೆಗೇ ಚಾಚುತ್ತದೆ. ನನಗೋ ಆಕಾಶವೂ ಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 145.800ರಲ್ಲಿ ಚಿತ್ರಗಳನ್ನು ಸದ್ದಿನ ರೂಪದಲ್ಲಿ ಕಳಿಸುವ ದಿನಗಳಲ್ಲಿ ಕಾತ್ರಜ್ ಘಾಟಿನ ಮೇಲೆ ಕಾರು ನಿಲ್ಲಿಸಿ ಕೂತರೆ, ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಹೋಗುವ ಅದರ ದನಿ ಈ ಗಿಡ್ಡ ಕಡ್ಡಿಯಲ್ಲಿ ಹತ್ತು ನಿಮಿಷದ ಹತ್ತಿರ ಸಿಕ್ಕಿದೆ. ನೆತ್ತಿಯ ಮೇಲೆ ಬಂದಾಗ ಮಾತ್ರ ಒಂದು ಕ್ಷಣ ಬತ್ತುತ್ತದೆ. ನಿಂತ ಕಡ್ಡಿಗೆ ನೇರ ಮೇಲಿನದು ಕಾಣುವುದಿಲ್ಲ.

ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಐದು ನಿಮಿಷ ಈ ಆಂಟೆನಾಕ್ಕೇ ಮೀಸಲು. ಹಳೆಯ ಬನಿಯನ್ ತುಂಡಿನಿಂದ ಚಾವಣಿಯ ನಡುವನ್ನು ಒರೆಸುತ್ತೇನೆ. ಮ್ಯಾಗ್ನೆಟ್ ತಳವನ್ನೂ ಒರೆಸುತ್ತೇನೆ, ಒಂದು ಮರಳಿನ ಕಣ ಉಳಿದರೂ ಪೇಂಟ್ ಗೀರುತ್ತದೆ. ತಳವನ್ನು ಓರೆ ಮಾಡಿ ಅಂಚಿನಿಂದ ಇಳಿಸುತ್ತೇನೆ, ‘ಠಪ್’ ಅಂತ ಕೂರಬಾರದು. ಜಾಗ ಚಾವಣಿಯ ನಟ್ಟನಡುವೆಯೇ, ಯಾಕೆಂದರೆ ಆ ತಗಡೇ ಆಂಟೆನಾದ ಇನ್ನರ್ಧ. ಕೊಳ್ಳುವ ಮೊದಲು ಫ್ರಿಜ್ ಮೇಲಿನ ಒಂದು ಅಯಸ್ಕಾಂತವನ್ನು ಚಾವಣಿಗೆ ಅಂಟಿಸಿ ನೋಡಿ. ಅದು ಜಾರಿ ಬಿದ್ದರೆ, ಇಲ್ಲವೇ ನಡುವೆ ಗಾಜಿನ ಕಿಂಡಿ ಇದ್ದರೆ, ಮ್ಯಾಗ್ನೆಟ್ ತಳ ನಿಮಗಲ್ಲ. ಕೇಬಲ್ಲನ್ನು ಹಿಂದಿನ ಬಾಗಿಲಿನ ರಬ್ಬರ್ ಮೇಲಿಂದ ಒಳಗೆ ತರುವಾಗ ಹೊರಗೆ ಒಂದು ಸಣ್ಣ ಜೋಲು ಬಿಡುತ್ತೇನೆ. ಮಳೆ ನೀರು ಆ ಜೋಲಿನ ತುದಿಯಿಂದಲೇ ತೊಟ್ಟಿಕ್ಕಲಿ, ಸೀಟಿನ ಮೇಲಲ್ಲ.

ಇಷ್ಟೆಲ್ಲ ಮಾಡಿದರೂ ಮೊದಲ ನಾಲ್ಕು ತಿಂಗಳು ಸ್ಪೀಕರಿನಲ್ಲಿ ‘ಸುಯ್ಯ್’ ಎನ್ನುವ ಸದ್ದು ತಪ್ಪಲಿಲ್ಲ. ಹೊಸ ಆಂಟೆನಾವನ್ನೂ ಬೈದೆ. ಒಂದು ಭಾನುವಾರ ಎಂಜಿನ್ ನಿಲ್ಲಿಸಿ, ಕೀಲಿಯನ್ನು ಒಂದು ಹಂತ ಮಾತ್ರ ತಿರುಗಿಸಿಟ್ಟು, ಕಾರಿನಲ್ಲಿ ಚುಚ್ಚಿದ್ದನ್ನೆಲ್ಲ ಒಂದೊಂದಾಗಿ ಕಿತ್ತೆ. ಅಗ್ಗದ ಮೊಬೈಲ್ ಚಾರ್ಜರ್ ಕಿತ್ತ ಕೂಡಲೇ ಸೆಟ್ ಮೌನವಾಯಿತು. ಡ್ಯಾಶ್‌ಕ್ಯಾಮ್ ಕಿತ್ತಾಗ ಇನ್ನಷ್ಟು. ದೂರದ ಸಣ್ಣ ದನಿಗಳು ಇಷ್ಟು ದಿನವೂ ಅಲ್ಲೇ ಇದ್ದವು. ಅಟ್ಟಕ್ಕೆ ಎಸೆದಿದ್ದ ಮೊದಲ ಆಂಟೆನಾವನ್ನು ಇಳಿಸಿ, ಆರ್‌ಜಿ-58 ಇರುವ ತಳಕ್ಕೆ ಕೂರಿಸಿ ಮತ್ತೆ ಕೇಳಿದೆ. ಕೆಟ್ಟದ್ದಲ್ಲ. ಅದರ ಮೇಲಿನ ನನ್ನ ಸಿಟ್ಟಿನಲ್ಲಿ ಅರ್ಧ ಚಾರ್ಜರಿಗೆ ಸಲ್ಲಬೇಕಾದದ್ದು.

ನಿಜವಾದ ದೂರು ಮಳೆಯದು. ಮೂರನೇ ವರ್ಷ ಕಡ್ಡಿಯ ಬುಡದಿಂದ ನೀರು ಕೇಬಲ್ಲಿನೊಳಗೆ ಇಳಿದು, ತಾಮ್ರದ ಹೆಣಿಗೆ ಹಸಿರು ತಿರುಗಿ, ಎಲ್ಲವೂ ಮಂಕಾಯಿತು. ಕಣ್ಣಿಗೆ ಏನೂ ಕಾಣುವುದಿಲ್ಲ, ಬರೀ ಕೇಳಿಸುವುದು ಕಡಿಮೆಯಾಗುತ್ತ ಹೋಗುತ್ತದೆ. ಹೊಸ ತಳ ಹಾಕಿಸಿದೆ. ಈಗ ಜೂನ್ ಬರುವ ಮುನ್ನ, ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಬುಡದ ಕೂಡುಜಾಗಕ್ಕೆ ಸುತ್ತುತ್ತೇನೆ. ರಾತ್ರಿ ತಳ ಕಾರಿನ ಮೇಲೆ ಇರುವುದಿಲ್ಲ. ಇಟ್ಟರೆ ಕೆಳಗೆ ನೀರು ನಿಂತು ದುಂಡನೆಯ ಕಲೆ ಬೀಳುತ್ತದೆ. ನನ್ನ ಕಾರಿಗೆ ಬಿದ್ದಿದೆ.

ಕಳೆದ ದೀಪಾವಳಿಗೆ ಅಪ್ಪನನ್ನು ಊರಿಗೆ ಬಿಡಲು ಹೊರಟಿದ್ದೆ. ಖಂಬಾಟಕಿ ಘಾಟ್ ದಾಟುವ ತನಕ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಬಾನಾಗಿಂದು ಎಲ್ಲಾ ಬರ್ತದಂತಿ, ಇದರಾಗ ನಮ್ಮ ಧಾರವಾಡ ಬರ್ತದೇನು?” ಅಂದರು. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್. ಒಂದು ಅಲೆಯೇ 392 ಮೀಟರ್ ಉದ್ದ, ಕಾಲು ಅಲೆಗೆ 98 ಮೀಟರ್ ಕಂಬ ಬೇಕು. ಈ ಕಡ್ಡಿಯಿಂದ ಆಗದು ಅಂದೆ. ಅವರು ಸುಮ್ಮನಾದರು.

ಕರಾಡ ದಾಟಿ ಚಹಾಕ್ಕೆ ನಿಂತಾಗ ಕತ್ತಲಾಗಿತ್ತು. ಸೆಟ್ಟಿನೊಳಗೇ ಧಾರವಾಡ ಆಕಾಶವಾಣಿಯಂಥ ಮಧ್ಯಮ ತರಂಗಕ್ಕೆಂದು ಫೆರೈಟ್ ಕಡ್ಡಿಯ ಒಂದು ಪುಟ್ಟ ಆಂಟೆನಾ ಇದೆ, ಕಾರಿನ ತಗಡಿನೊಳಗೆ ಅದು ಕಿವುಡು. ಕೇಬಲ್ ಬಿಚ್ಚಿ, ಸೆಟ್ಟನ್ನು ಹೋಟೆಲಿನ ಮೇಜಿನ ಮೇಲೆ ತಂದಿಟ್ಟೆ. ಒಂದು ಮಗ್ಗುಲಿಗೆ ಬರೀ ಗೊರಗೊರ. ಮೆಲ್ಲಗೆ ತಿರುಗಿಸಿದೆ. ಇನ್ನೊಂದು ಮಗ್ಗುಲಿಗೆ ಕನ್ನಡ.

ಅಪ್ಪ ಸೆಟ್ಟನ್ನು ಇದ್ದ ಹಾಗೇ, ಅಲುಗಿಸದೆ, ಎರಡೂ ಕೈಯಲ್ಲಿ ಹಿಡಿದು ಕಿವಿಯನ್ನು ಅದರ ಹತ್ತಿರ ತಂದರು. “ತಿರುಗಸಬ್ಯಾಡೋ, ಹಂಗ ಇರಲಿ,” ಅಂದರು. ಚಹಾ ಇನ್ನೊಂದು ಸಲ ತರಿಸಬೇಕಾಯಿತು.