ಮಂಗಳೂರೋ ಉಡುಪಿಯೋ: ಎರಡು ಕಲಾಶಾಲೆಗಳಲ್ಲಿ ಸಂಗೀತ ಹೇಳಿಕೊಟ್ಟ ಮೇಲೆ

ನನ್ನ ಮನೆ ಮುಲ್ಕಿಯಲ್ಲಿ. ಬಸ್ ಹತ್ತಿ ದಕ್ಷಿಣಕ್ಕೆ ಹೊರಟರೆ ಮಂಗಳೂರು, ಉತ್ತರಕ್ಕೆ ಹೊರಟರೆ ಉಡುಪಿ. ದೂರ ಹೆಚ್ಚುಕಡಿಮೆ ಒಂದೇ. ಮೊದಲ ವರ್ಷ ಮಂಗಳೂರಿನ ದೊಡ್ಡ ಖಾಸಗಿ ಕಲಾಶಾಲೆಯಲ್ಲಿ, ಆಮೇಲೆ ಉಡುಪಿಯ ಸಣ್ಣ ಶಾಲೆಯಲ್ಲಿ ವಾರಕ್ಕೆ ಎರಡು ಸಂಜೆ ಕರ್ನಾಟಕ ಸಂಗೀತದ ಪಾಠ ಮಾಡಿದೆ. ಉಡುಪಿಯನ್ನು ನಾನು ಬಿಡುವುದಿಲ್ಲ. ಮೊದಲ ಕಾರಣ ಒಂದು ಗೋಡೆ.

ಮಂಗಳೂರಿನಲ್ಲಿ ನನ್ನ ಕೋಣೆಗೂ ಪಕ್ಕದ ಕೀಬೋರ್ಡ್ ತರಗತಿಗೂ ನಡುವೆ ಇದ್ದದ್ದು ಪ್ಲೈವುಡ್ ಹಲಗೆ. ನನ್ನ ಹುಡುಗಿಯರದ್ದು ಐದನೇ ಮನೆ ಶ್ರುತಿ, ಅಂದರೆ ಕೀಬೋರ್ಡಿನ ಜಿ ನಮಗೆ ಷಡ್ಜ (ಸ). ಆಚೆಯ ಮಕ್ಕಳು ಬರೀ ಬಿಳಿ ಮನೆಗಳನ್ನು ಒತ್ತುತ್ತ ಸಿ ಮೇಜರ್ ಅಭ್ಯಾಸ ಮಾಡುತ್ತಿದ್ದರು. ನಮ್ಮ ಷಡ್ಜದಿಂದ ಎಣಿಸಿದರೆ ಅವು ಹರಿಕಾಂಭೋಜಿ ರಾಗದ ಸ್ವರಗಳು. ನಾವು ಹಾಡಬೇಕಾದ ಆರಂಭದ ಪಾಠ, ಸರಳೆ ವರಸೆಯೋ ಮಾಯಾಮಾಳವಗೌಳ ರಾಗದಲ್ಲಿ, ರಿಷಭ (ರಿ) ಧೈವತ (ಧ) ಎರಡೂ ಶುದ್ಧ, ಅಂದರೆ ತಗ್ಗಿನವು. ಹತ್ತು ನಿಮಿಷ ಕಳೆಯುವುದರೊಳಗೆ ಮಕ್ಕಳ ರಿಷಭ ಆಚೆಯ ಸ್ವರದಂತೆ ಮೆಲ್ಲನೆ ಏರಿ ಒಂದು ಮೆಟ್ಟಿಲು ಮೇಲಿನ ಚತುಶ್ರುತಿಯಲ್ಲಿ ಕುಳಿತುಬಿಡುತ್ತಿತ್ತು, ನಿಷಾದ (ನಿ) ಒಂದು ಮೆಟ್ಟಿಲು ಕೆಳಗಿನ ಕೈಶಿಕಿಗೆ ಇಳಿಯುತ್ತಿತ್ತು.

ಕಿವಿ ಚುರುಕಾಗಿದ್ದ ಮಗುವೇ ಮೊದಲು ದಾರಿ ತಪ್ಪುತ್ತಿತ್ತು ಎಂಬುದು ನನಗೆ ಸಂಕಟದ ವಿಷಯ. ಎಂಟು ವರ್ಷದ ಹುಡುಗಿಯೊಬ್ಬಳು ಎಡಗಿವಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ರಿಷಭವನ್ನು ಹುಡುಕುತ್ತಿದ್ದಳು. ಶ್ರುತಿಪೆಟ್ಟಿಗೆಯ ಧ್ವನಿ ಏರಿಸಿದೆ, ಆಚೆಯವರೂ ಏರಿಸಿದರು. ಸಮಯ ಬದಲಿಸಿಕೊಡಿ ಎಂದು ಮೂರು ಸಲ ಕೇಳಿದೆ. ಮುಂದಿನ ಬ್ಯಾಚಿನಿಂದ ನೋಡೋಣ ಎಂದರು. ಎರಡು ಬ್ಯಾಚ್ ಬಂದು ಹೋದವು, ಹಲಗೆಯೂ ಹಾಗೇ ಇತ್ತು, ವೇಳಾಪಟ್ಟಿಯೂ ಹಾಗೇ ಇತ್ತು.

ಉಡುಪಿಯ ಶಾಲೆ ರಥಬೀದಿಗೆ ನಡೆದುಹೋಗುವಷ್ಟು ಹತ್ತಿರದ ಹಂಚಿನ ಮನೆ. ದಪ್ಪ ಮಣ್ಣಿನ ಗೋಡೆ, ಕೆಂಪು ಗಾರೆಯ ನೆಲ, ಚಾಪೆ. ಆಟಿ ತಿಂಗಳ ಮಳೆ ಹಂಚಿನ ಮೇಲೆ ಸುರಿಯುವಾಗ ಗದ್ದಲವಾಗುತ್ತದೆ, ಸಾಹಿತ್ಯ ಕೇಳಿಸುವುದಿಲ್ಲ. ಆದರೆ ಮಳೆಗೆ ಶ್ರುತಿಯಿಲ್ಲ. ಅದು ಯಾರ ರಿಷಭವನ್ನೂ ಎಳೆಯುವುದಿಲ್ಲ.

ಹಣದ ಲೆಕ್ಕ ಹೀಗಿದೆ. ಮಂಗಳೂರಿನಲ್ಲಿ ಗಂಟೆಗೆ 350 ರೂಪಾಯಿ, ತಿಂಗಳಿಗೆ 24 ಗಂಟೆ, ಒಟ್ಟು 8,400. ಉಡುಪಿಯಲ್ಲಿ ತಿಂಗಳಿಗೆ 6,500, ಅಷ್ಟೇ. ಆದರೆ ರೆಡ್ ಅಲರ್ಟ್ ಎಂದು ಜಿಲ್ಲಾಧಿಕಾರಿ ರಜೆ ಕೊಟ್ಟ ದಿನ ಮಂಗಳೂರಿನ ಶಾಲೆಯೂ ಬಾಗಿಲು ಹಾಕುತ್ತಿತ್ತು, ಆ ಗಂಟೆಗಳ ಹಣವೂ ಹೋಗುತ್ತಿತ್ತು. ಆ ಜುಲೈಯಲ್ಲಿ ಎಂಟು ಸಂಜೆಗಳಲ್ಲಿ ನಾಲ್ಕು ಹೋಗಿ ಕೈಗೆ ಬಂದದ್ದು 4,200. ಸಾಲದ ಕಂತು ಕಟ್ಟುವವಳಿಗೆ ಏರಿಳಿಯದ ಮೊತ್ತವೇ ಹಿತ.

ಪ್ರಯಾಣದಲ್ಲಿ ಮಂಗಳೂರಿಗೆ ಕೂಳೂರು ಸೇತುವೆಯಿಂದ ಕೊಟ್ಟಾರ ಚೌಕಿಯವರೆಗಿನ ಸಂಜೆಯ ದಟ್ಟಣೆ ಇದೆ. ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಮಂಗಳೂರೇ ಮುಂದು. ಸಂಗೀತದ ಜೂನಿಯರ್ ಪರೀಕ್ಷೆಗೆ ಎರಡೂ ಕಡೆ ಮಕ್ಕಳನ್ನು ಕೂರಿಸುತ್ತಾರೆ.

ಕೀಬೋರ್ಡ್ ಅಥವಾ ಗಿಟಾರ್ ಕಲಿಸುವವರು, ಸಂಜೆ ಪೂರ್ತಿ ತರಗತಿ ಬೇಕೆನ್ನುವವರು ಮಂಗಳೂರಿಗೆ ಹೋಗಲಿ. ಹಾಡಿಕೆ ಹೇಳಿಕೊಡುವವರು ಒಪ್ಪಿಕೊಳ್ಳುವ ಮೊದಲು ಕೋಣೆಯಲ್ಲಿ ಕುಳಿತು, ಪಕ್ಕದ ತರಗತಿ ನಡೆಯುವ ಹೊತ್ತಿನಲ್ಲೇ ಒಮ್ಮೆ ಷಡ್ಜ ಹಿಡಿದು ನೋಡಲಿ. ನಾನು ಜೂನ್‌ನಿಂದ ಉಡುಪಿಯಲ್ಲಿ ಮೂರನೆಯ ಸಂಜೆಯನ್ನೂ ಕೇಳಿದ್ದೇನೆ.